ಎರಡು ಗುಳಿಗೆಗಳ ಸಮಾಚಾರ

ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಇಂಥ ವಿಷಯವನ್ನು ಬರೆಯಬಹುದೇ ಎಂದು ಬಹಳ ದಿನ ಹಿಂದೆಮುಂದೆ ನೋಡಿದೆ. ಕೊನೆಗೆ ಸಂಪಾದಕರನ್ನೇ ಕೇಳಿದೆ. "ಮನೆಯಲ್ಲಿ ನಡೆಯುವುದನ್ನು ಮನೆಯ ಪತ್ರಿಕೆಯಲ್ಲಿ ಬರೆಯದೆ ಮತ್ತೆಲ್ಲಿ ಬರೆಯುತ್ತೀರಿ?" ಎಂದುಬಿಟ್ಟರು ಅವರು. ಅಷ್ಟಕ್ಕೂ ಸಂತಾನನಿಯಂತ್ರಣದ ಮಾತು ಕನ್ನಡಿಗರಿಗೆ ಹೊಸದೇನಲ್ಲ. 1930ರಷ್ಟು ಹಿಂದೆಯೇ ಮೈಸೂರು ಸಂಸ್ಥಾನದ ಸರ್ಕಾರ ಇದಕ್ಕಾಗಿ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಹೊರಡಿಸಿತ್ತು. ಪ್ರಪಂಚದಲ್ಲಿ ಒಂದು ಸರ್ಕಾರವೇ ಮುಂದೆ ನಿಂತು ಇಂಥ ಕೆಲಸ ಮಾಡಿದ್ದು ಅದೇ ಮೊದಲೆಂದು ಬಲ್ಲವರು ಹೇಳುತ್ತಾರೆ. ನಮ್ಮ ಅಜ್ಜಂದಿರ ಕಾಲದ ಸರ್ಕಾರಕ್ಕೆ ಇರದ ಸಂಕೋಚ ನಮಗೇಕೆ?

ನಾನು ವೈದ್ಯನಲ್ಲ. ಬಿ.ಎ. ಮುಗಿಸಿ ಸರ್ಕಾರಿ ಕಚೇರಿಯೊಂದರಲ್ಲಿ ಕಡತ ಕಟ್ಟುವ ಗುಮಾಸ್ತ. ಆದುದರಿಂದ ಇಲ್ಲಿ ಬರೆದದ್ದನ್ನು ಯಾರೂ ವೈದ್ಯರ ಚೀಟಿಯೆಂದು ಭಾವಿಸಬಾರದು. ವೈದ್ಯರ ಮುಂದೆ ಕುಳಿತಾಗ ಏನು ಹೇಳಬೇಕು, ಏನು ಕೇಳಬೇಕು ಎಂಬಷ್ಟು ಓದುಗರಿಗೆ ಗೊತ್ತಾದರೆ ನನ್ನ ಶ್ರಮ ಸಾರ್ಥಕ.

ಸಂಗತಿ ನಮ್ಮ ಮನೆಯದೇ. ನನ್ನ ಹೆಂಡತಿಗೆ ಹೈಸ್ಕೂಲಿನಲ್ಲಿದ್ದಾಗಿನಿಂದ ಮೂರ್ಛೆಯ ತೊಂದರೆ. ಊರಿನ ಕಡೆಯ ವೈದ್ಯರೊಬ್ಬರು ಫೆನಿಟಾಯಿನ್ ಎಂಬ ಗುಳಿಗೆ ಬರೆದುಕೊಟ್ಟಿದ್ದರು. ಅದನ್ನು ತಪ್ಪದೆ ನುಂಗುತ್ತಿದ್ದುದರಿಂದ ನಮ್ಮ ಲಗ್ನದ ಹೊತ್ತಿಗೆ ಅವಳಿಗೆ ಮೂರ್ಛೆ ಬಂದು ನಾಲ್ಕು ವರ್ಷ ಕಳೆದಿತ್ತು. ನಿಶ್ಚಿತಾರ್ಥಕ್ಕೆ ಮೊದಲು ಮಾವನವರು ನನ್ನೊಬ್ಬನನ್ನೇ ಒಳಕೋಣೆಗೆ ಕರೆದು, ಬಾಗಿಲು ಮುಂದೆ ಮಾಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅವರ ಪ್ರಾಮಾಣಿಕತೆಗೆ ನಾನು ಇಂದಿಗೂ ತಲೆಬಾಗುತ್ತೇನೆ. ನಾನು ಸಂತೋಷದಿಂದಲೇ ಒಪ್ಪಿದೆ. "ಆದ್ರ ನಮ್ಮವ್ವಗ ಇದನ್ನ ಹೇಳೂದು ಬ್ಯಾಡ್ರಿ ಮಾವನವರ" ಎಂದವನೂ ನಾನೇ. ಯಾರ ಮನಸ್ಸನ್ನೂ ನೋಯಿಸದೆ ಕೆಲಸ ಮುಗಿಸಿದೆನೆಂದು ಅಂದು ನನ್ನಷ್ಟಕ್ಕೆ ನಾನೇ ಬೀಗಿದ್ದುಂಟು.

ಮೊದಲನೆಯ ಮಗ ಹುಟ್ಟಿದ. ಇನ್ನು ಮೂರು ನಾಲ್ಕು ವರ್ಷ ಅಂತರವಿರಲಿ ಎಂದು ಇಬ್ಬರೂ ಕೂಡಿಯೇ ನಿಶ್ಚಯಿಸಿದೆವು. ಮಗು ಎದೆಹಾಲು ಬಿಟ್ಟ ಮೇಲೆ ಅವಳನ್ನು ಇಲ್ಲಿ ಹೈದರಾಬಾದಿನಲ್ಲಿ ಒಬ್ಬ ಸ್ತ್ರೀವೈದ್ಯರ ಬಳಿಗೆ ಕರೆದೊಯ್ದವರು ನಮ್ಮ ತಾಯಿ. ಬೇರೆ ಏನಾದರೂ ಔಷಧಿ ತೆಗೆದುಕೊಳ್ಳುತ್ತಿದ್ದೀಯಾ ಎಂದು ಡಾಕ್ಟರು ತೆಲುಗಿನಲ್ಲಿ ಕೇಳಿದರಂತೆ. ಪಕ್ಕದಲ್ಲಿ ಅತ್ತೆ ಕುಳಿತಿದ್ದಾರೆ. ಇವಳು "ಲೇದು" ಎಂದಳು. ಡಾಕ್ಟರು ಗರ್ಭನಿರೋಧಕ ಗುಳಿಗೆ ಬರೆದುಕೊಟ್ಟರು. ಅವರು ಕೇಳಬೇಕಾದ್ದನ್ನು ಕೇಳಿದ್ದರು, ಅವರದೇನೂ ತಪ್ಪಿಲ್ಲ. ಊರಿನ ವೈದ್ಯರನ್ನು ನೋಡಿ ಆಗಲೇ ಮೂರು ವರ್ಷವಾಗಿತ್ತು. ಅವರ ಹಳೆಯ ಚೀಟಿಯನ್ನೇ ತೋರಿಸಿ, ಇಲ್ಲಿ ಕಾಚಿಗುಡದ ಔಷಧಿ ಅಂಗಡಿಯಲ್ಲಿ ನಾನು ತಿಂಗಳು ತಿಂಗಳೂ ಫೆನಿಟಾಯಿನ್ ತರುತ್ತಿದ್ದೆ. ಊರು ಬಿಟ್ಟು ಬಂದ ನಮ್ಮಂಥವರ ಮನೆಗಳಲ್ಲಿ ಇದು ಸಾಮಾನ್ಯ ಪದ್ಧತಿ: ಹಳೆಯ ಕಾಯಿಲೆಯ ಕಾಗದ ಊರಿನದು, ಹೊಸ ಕಾಯಿಲೆಯ ಕಾಗದ ಇಲ್ಲಿಯದು. ಒಂದೇ ಮನುಷ್ಯನ ಮೇಲೆ ಎರಡು ಶಾಖೆಗಳಲ್ಲಿ ಎರಡು ಕಡತ ತೆರೆದು, ಒಂದರ ಟಿಪ್ಪಣಿ ಇನ್ನೊಂದಕ್ಕೆ ಸೇರದಿದ್ದರೆ ಏನಾಗುತ್ತದೆಂಬುದು ಕಚೇರಿಯಲ್ಲಿ ದುಡಿಯುವವನಿಗೆ ಗೊತ್ತಿರಬೇಕಾಗಿತ್ತು. ಗೊತ್ತಾಗಲಿಲ್ಲ.

ಗರ್ಭನಿರೋಧಕ ಗುಳಿಗೆಯ ಡಬ್ಬಿ ಅಡಿಗೆಮನೆಯ ಗೂಡಿನಲ್ಲಿ ಎಲ್ಲರಿಗೂ ಕಾಣುವಂತಿತ್ತು. ಮೂರ್ಛೆಯ ಗುಳಿಗೆ ಮಾತ್ರ ಸೀರೆಗಳ ಮಡಿಕೆಯ ನಡುವೆ. ಎರಡನ್ನೂ ಅವಳು ರಾತ್ರಿ ಊಟವಾದ ಮೇಲೆ ನುಂಗುವಳು, ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಮನೆಯೊಳಗೆ ಪೆನ್ಸಿಲಿನಿಂದ ಒಂದು ಗೆರೆ ಎಳೆಯುವಳು. ಏಳನೆಯ ತಿಂಗಳಿನಲ್ಲಿ, ಮುಟ್ಟಿನ ದಿನವಲ್ಲದ ದಿನಗಳಲ್ಲಿಯೂ ಸ್ವಲ್ಪ ರಕ್ತ ಕಾಣಿಸತೊಡಗಿತು. ಉಷ್ಣವಾಗಿರಬೇಕೆಂದು ನಮ್ಮ ತಾಯಿ ಕಾಮಕಸ್ತೂರಿ ಬೀಜದ ಪಾನಕ ಮಾಡಿಕೊಟ್ಟರು. ಹೀಗೆ ನಡುನಡುವೆ ರಕ್ತ ಕಾಣುವುದು ಗುಳಿಗೆಯ ಬಲ ಸಾಲುತ್ತಿಲ್ಲವೆಂಬುದರ ಸೂಚನೆಯೂ ಆಗಿರಬಹುದೆಂದು ನಮಗೆ ತಿಳಿದದ್ದು ಆಮೇಲೆ. ಹನ್ನೊಂದು ತಿಂಗಳು ಮುಗಿಯುವಷ್ಟರಲ್ಲಿ ಅವಳು ಬಸುರಿ.

ಆ ರಾತ್ರಿ ನಾನು ಆಡಿದ ಮಾತನ್ನು ಮುಚ್ಚಿಟ್ಟರೆ ಈ ಲೇಖನ ಬರೆದೂ ಪ್ರಯೋಜನವಿಲ್ಲ. "ಎಲ್ಲೋ ಒಂದ್ ದಿನ ಮರ್ತಿರಬೇಕು ನೀನು" ಎಂದೆ. ಅವಳು ಎದ್ದುಹೋಗಿ ಕ್ಯಾಲೆಂಡರನ್ನು ಮೊಳೆಯಿಂದ ಬಿಡಿಸಿ ತಂದು ನನ್ನ ಮುಂದೆ ಇಟ್ಟಳು. ಫೆಬ್ರವರಿಯಿಂದ ಡಿಸೆಂಬರಿನವರೆಗೆ ಹನ್ನೊಂದು ಹಾಳೆ. ಹಾಜರಿ ಪುಸ್ತಕ ತನಿಖೆ ಮಾಡುವ ಸೂಪರಿಂಟೆಂಡೆಂಟರಂತೆ ನಾನು ಒಂದೊಂದೇ ಹಾಳೆ ತಿರುವಿ ನೋಡಿದೆ. ಒಂದು ಮನೆಯೂ ಖಾಲಿಯಿರಲಿಲ್ಲ. ಆದರೂ ನಂಬದೆ, "ಗೆರಿ ಎಳದು ಗುಳಿಗಿ ಮರ್ತಿರಬಹುದಲ್ಲ?" ಎಂದೆ. ಎರಡು ದಿನ ಅವಳು ನನ್ನೊಡನೆ ಮಾತಾಡಲಿಲ್ಲ.

ಬಾಣಂತನದ ಹೆಸರು ನೋಂದಾಯಿಸಲು ಹೋದ ಆಸ್ಪತ್ರೆಯಲ್ಲಿ ಒಬ್ಬ ತರುಣ ವೈದ್ಯೆ, "ಮನೆಯವರೆಲ್ಲ ಸ್ವಲ್ಪ ಹೊರಗೆ ಕುಳಿತಿರಿ" ಎಂದರು. ಒಳಗೆ ಇವಳು ಎಲ್ಲವನ್ನೂ ಹೇಳಿದಳು. ಹೊರಗೆ ಬಂದಾಗ ಅವಳ ಮುಖ ನೋಡಿ ನಾನು ಹೆದರಿದೆ. ಅತ್ತಿದ್ದಳು, ಆದರೆ ದುಃಖದ ಅಳುವಲ್ಲ. "ನಾ ಮರ್ತಿಲ್ಲ ಅಂತರೀ. ಆ ಗುಳಿಗಿನೇ ಈ ಗುಳಿಗಿನ ಕೆಡಸೇದ ಅಂತ" ಎಂದಳು.

ಅದು ಹೇಗೆಂಬುದನ್ನು ಆ ವೈದ್ಯೆಯನ್ನೂ, ಅನಂತರ ನರರೋಗದ ತಜ್ಞರನ್ನೂ ಕೇಳಿ ತಿಳಿದುಕೊಂಡೆ. ಮದುವೆಮನೆಯ ಊಟದ ಪಂಕ್ತಿಯನ್ನು ನೆನೆಯಿರಿ. ಬಡಿಸುವವರು ಬಡಿಸುತ್ತಾರೆ, ಉಂಡವರು ಎದ್ದ ಮೇಲೆ ಎಲೆ ಎತ್ತುವವರು ಬಂದು ಎಲೆ ಎತ್ತುತ್ತಾರೆ. ನಾವು ನುಂಗಿದ ಔಷಧಿಗೂ ದೇಹದಲ್ಲಿ ಹೀಗೆ ಎಲೆ ಎತ್ತುವವರಿದ್ದಾರೆ. ಅವರ ಬಿಡಾರ ಯಕೃತ್ತು, ಅವರ ಹೆಸರು ಕಿಣ್ವಗಳು. ಔಷಧಿ ತನ್ನ ಕೆಲಸ ಮಾಡಿದ ಮೇಲೆ ಅದನ್ನು ಒಡೆದು ಹೊರಹಾಕುವುದು ಅವರ ಕೆಲಸ. ಮೂರ್ಛೆಯ ಕೆಲವು ಗುಳಿಗೆಗಳ ಗುಣವೆಂದರೆ ಈ ಎಲೆ ಎತ್ತುವವರ ಸಂಖ್ಯೆಯನ್ನು ಹೆಚ್ಚಿಸುವುದು. ಹತ್ತು ಜನರಿದ್ದ ಕಡೆ ಮೂವತ್ತು ಜನ ಬಂದು ನಿಂತರೆ, ಹೋಳಿಗೆಗೆ ತುಪ್ಪ ಬೀಳುವ ಮೊದಲೇ ಎಲೆ ಮಾಯ! ಗರ್ಭನಿರೋಧಕ ಗುಳಿಗೆಯಲ್ಲಿರುವ ಹಾರ್ಮೋನುಗಳ ಗತಿ ಇದೇ ಆಗುತ್ತದೆ. ರಕ್ತದಲ್ಲಿ ಇರಬೇಕಾದುದರ ಅರ್ಧದಷ್ಟು ಮಾತ್ರ ಉಳಿಯುವುದೂ ಉಂಟು. ಅಂಡ ಬಿಡುಗಡೆಯಾಗದಂತೆ ತಡೆಯಲು ಅಷ್ಟು ಸಾಲದು. ಗುಳಿಗೆ ಹೊಟ್ಟೆಗೆ ಹೋದದ್ದು ನಿಜ, ಗೆರೆ ಎಳೆದದ್ದೂ ನಿಜ. ಕೆಲಸ ಮಾತ್ರ ನಡೆಯಲಿಲ್ಲ.

ಹೀಗೆ ಮಾಡುವವು ಫೀನೋಬಾರ್ಬಿಟೋನ್, ಫೆನಿಟಾಯಿನ್, ಕಾರ್ಬಮಾಜೆಪೀನ್, ಪ್ರಿಮಿಡೋನ್, ಆಕ್ಸ್‌ಕಾರ್ಬಜೆಪೀನ್. ದಿನಕ್ಕೆ 200 ಮಿಲಿಗ್ರಾಮಿಗಿಂತ ಹೆಚ್ಚು ತೆಗೆದುಕೊಂಡರೆ ಟೋಪಿರಮೇಟ್ ಕೂಡ. ಔಷಧಿಯ ಪಟ್ಟಿಯ ಮೇಲೆ ಕಂಪನಿ ಇಟ್ಟ ಹೆಸರು ದಪ್ಪಕ್ಷರದಲ್ಲಿರುತ್ತದೆ. ನಾನು ಹೇಳುತ್ತಿರುವ ಹೆಸರು ಅದರ ಕೆಳಗೆ ಸಣ್ಣಕ್ಷರದಲ್ಲಿ. ಕನ್ನಡಕ ಹಾಕಿಕೊಂಡು ಓದಬೇಕಾದದ್ದು ಆ ಸಣ್ಣಕ್ಷರವನ್ನು. ಇನ್ನೊಂದು ಮಾತು: ಈ ಔಷಧಿಗಳನ್ನು ಮೂರ್ಛೆಯಿಲ್ಲದವರಿಗೂ ಕೊಡುತ್ತಾರೆ. ಮುಖದ ನರದ ಶೂಲೆಗೆ ಕಾರ್ಬಮಾಜೆಪೀನ್, ಅರೆತಲೆನೋವಿಗೆ ಟೋಪಿರಮೇಟ್ ಬರೆಯುವುದುಂಟು. ಆದುದರಿಂದ "ನಮ್ಮನೆಯಲ್ಲಿ ಯಾರಿಗೂ ಫಿಟ್ಸ್ ಇಲ್ಲ" ಎಂದು ಪುಟ ತಿರುಗಿಸುವ ಸೋದರಿಯರು ದಯವಿಟ್ಟು ಒಮ್ಮೆ ತಮ್ಮ ಔಷಧಿಯ ಪಟ್ಟಿಯನ್ನು ನೋಡಬೇಕು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಅಂತೂ ಇವೆಲ್ಲಕ್ಕಿಂತ ಬಲಶಾಲಿಯಾದ ಎಲೆ ಎತ್ತುವ ಆಸಾಮಿ.

ವೈದ್ಯಲೋಕಕ್ಕೆ ಈ ಸಂಗತಿ ತಿಳಿದು ಐವತ್ತು ವರ್ಷ ದಾಟಿತು. ಅಮೆರಿಕದಲ್ಲಿ ಗರ್ಭನಿರೋಧಕ ಗುಳಿಗೆಗೆ 1960ರಲ್ಲಿ ಅನುಮತಿ ದೊರೆಯಿತು. ಆ ಮೊದಲ ಗುಳಿಗೆಗಳಲ್ಲಿ ಹಾರ್ಮೋನಿನ ಪ್ರಮಾಣ ಇಂದಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚಾಗಿತ್ತು. ದುಷ್ಪರಿಣಾಮಗಳನ್ನು ಕಂಡು ಪ್ರಮಾಣವನ್ನು ಇಳಿಸುತ್ತ ಬಂದರು. ರಿಫಾಂಪಿಸಿನ್ ತೆಗೆದುಕೊಳ್ಳುವವರಲ್ಲಿ ಗುಳಿಗೆ ಸರಿಯಾಗಿ ಕೆಲಸ ಮಾಡದಿರುವುದನ್ನು ಜರ್ಮನಿಯ ವೈದ್ಯರು 1971ರಲ್ಲಿ ಗುರುತಿಸಿದರು. ಮರುವರ್ಷವೇ ಮೂರ್ಛೆಯ ಔಷಧಿ ಸೇವಿಸುತ್ತಿದ್ದ ಹೆಣ್ಣುಮಗಳೊಬ್ಬಳು ಗುಳಿಗೆ ನುಂಗುತ್ತಿದ್ದೂ ಬಸುರಿಯಾದ ಸಂಗತಿ ಇಂಗ್ಲೆಂಡಿನ ವೈದ್ಯಪತ್ರಿಕೆಯಲ್ಲಿ ಬಂತು. 1974ರಲ್ಲಿ ಜಾಂಟ್ಸ್ ಮತ್ತು ಶ್ಮಿಟ್ ಎಂಬ ಜರ್ಮನ್ ವೈದ್ಯರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದನ್ನೇ ಬರೆದರು. ಆ ಇಂಗ್ಲಿಷ್ ಹೆಣ್ಣುಮಗಳಿಗೂ ಮನೆಯಲ್ಲಿ "ನೀನೇ ಮರೆತಿರಬೇಕು" ಎಂದವರು ಇದ್ದರೋ ಏನೋ ಎಂದು ನನಗೆ ಅನಿಸುವುದುಂಟು.

ನಮ್ಮ ಕಡೆಯವರಿಗೆ ಇದು ಹೆಚ್ಚು ಸಂಬಂಧಪಟ್ಟದ್ದೆಂದು ನಾನು ಹೇಳುವುದಕ್ಕೆ ಕಾರಣವಿದೆ. ಫೀನೋಬಾರ್ಬಿಟೋನ್ 1912ರಿಂದ, ಫೆನಿಟಾಯಿನ್ 1938ರಿಂದ ಮೂರ್ಛೆಗೆ ಬಳಕೆಯಲ್ಲಿವೆ. ಎರಡೂ ಅಗ್ಗ, ಎರಡೂ ಗುಣಕಾರಿ. ಬೆಂಗಳೂರಿನ ಪ್ರಸಿದ್ಧ ನರರೋಗ ತಜ್ಞರಾದ ಡಾಕ್ಟರ್ ಕೆ. ಎಸ್. ಮಣಿಯವರು ಮತ್ತು ಅವರ ಸಂಗಡಿಗರು ನಮ್ಮ ಯಳಂದೂರಿನ ಹಳ್ಳಿಗಳಲ್ಲಿ ಈ ಎರಡು ಗುಳಿಗೆಗಳಿಂದಲೇ ಬಡವರ ಮೂರ್ಛೆಯನ್ನು ಹತೋಟಿಗೆ ತರಬಹುದೆಂದು ತೋರಿಸಿಕೊಟ್ಟರು. ಆ ವರದಿ 2001ರಲ್ಲಿ ಅದೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚಾಯಿತು. ಕನ್ನಡಿಗರು ಹೆಮ್ಮೆಪಡಬೇಕಾದ ಕೆಲಸ. ಇತ್ತ ಸರ್ಕಾರ ಧರ್ಮಕ್ಕೆ ಹಂಚುವ ಮಾಲಾ-ಎನ್ ಗುಳಿಗೆಯಲ್ಲಿರುವುದು 30 ಮೈಕ್ರೋಗ್ರಾಂ ಈಸ್ಟ್ರೋಜನ್, 150 ಮೈಕ್ರೋಗ್ರಾಂ ಲೆವೊನಾರ್ಜೆಸ್ಟ್ರೆಲ್; ಕಡಿಮೆ ಪ್ರಮಾಣದ, ಸುರಕ್ಷಿತವಾದ ಗುಳಿಗೆ. ಇಪ್ಪತ್ತೊಂದು ದಿನ ಅದು, ಮುಂದಿನ ಏಳು ದಿನ ಕಬ್ಬಿಣಾಂಶದ ಗುಳಿಗೆ. ಎರಡು ಔಷಧಿಗಳೂ ತಮ್ಮತಮ್ಮ ಕಡೆ ಒಳ್ಳೆಯವೇ. ಎರಡೂ ಬಡ, ಮಧ್ಯಮವರ್ಗದ ಮನೆಗೆ ಕೈಗೆಟುಕುವಂಥವು. ಹೀಗಾಗಿಯೇ ಇವೆರಡೂ ಒಂದೇ ಮನೆಯ ಗೂಡಿನಲ್ಲಿ, ಒಬ್ಬಳೇ ಹೆಣ್ಣುಮಗಳ ಅಂಗೈಯಲ್ಲಿ ಬಂದು ಸೇರುವ ಸಂಭವ ಹೆಚ್ಚು.

ಇದರ ತಿರುಗುಮುರುಗು ಕಥೆಯೂ ಒಂದುಂಟು. ಲ್ಯಾಮೊಟ್ರಿಜಿನ್ ಎಂಬ ಹೊಸ ಕಾಲದ ಮೂರ್ಛೆಯ ಔಷಧಿಯಿದೆ. ಇದು ಗರ್ಭನಿರೋಧಕ ಗುಳಿಗೆಯನ್ನು ಅಷ್ಟಾಗಿ ಕೆಡಿಸುವುದಿಲ್ಲ. ಆದರೆ ಆ ಗುಳಿಗೆಯ ಈಸ್ಟ್ರೋಜನ್ ಇದನ್ನು ಕೆಡಿಸುತ್ತದೆ. ರಕ್ತದಲ್ಲಿ ಲ್ಯಾಮೊಟ್ರಿಜಿನ್ ಸುಮಾರು ಅರ್ಧಕ್ಕೆ ಇಳಿದು, ವರ್ಷಗಟ್ಟಲೆ ಸುಮ್ಮನಿದ್ದ ಮೂರ್ಛೆ ಮರುಕಳಿಸಬಹುದು. ಹಾರ್ಮೋನಿಲ್ಲದ ಆ ಏಳು ದಿನಗಳಲ್ಲಿ ಅದೇ ಔಷಧಿ ರಕ್ತದಲ್ಲಿ ದಿಢೀರನೆ ಏರಿ, ತಲೆ ಸುತ್ತುವುದು, ಒಂದು ವಸ್ತು ಎರಡಾಗಿ ಕಾಣುವುದು ಮುಂತಾದವು ಆಗಬಹುದು. ಇಂಥವಳು ಒಲೆಯ ಮುಂದೆಯೋ, ಕೋಠಿಯ ಬಸ್ಸಿನ ಮೆಟ್ಟಿಲಿನ ಮೇಲೆಯೋ ಇದ್ದಾಗ ಮೂರ್ಛೆ ಬಂದರೆ ಗತಿಯೇನು? ಗರ್ಭನಿರೋಧಕ ಗುಳಿಗೆ ಶುರುಮಾಡುವ ಮೊದಲು ಮಾತ್ರವಲ್ಲ, ಬಿಡುವ ಮೊದಲೂ ನರರೋಗದ ವೈದ್ಯರಿಗೆ ತಿಳಿಸಬೇಕೆನ್ನುವುದು ಇದಕ್ಕಾಗಿಯೇ.

ಹಾಗಾದರೆ ಮೂರ್ಛೆಯ ಔಷಧಿ ಸೇವಿಸುವವರಿಗೆ ದಾರಿಯೇ ಇಲ್ಲವೇ? ಧಾರಾಳವಾಗಿ ಇದೆ. ಕಾಪರ್-ಟಿ ಗರ್ಭಕೋಶದಲ್ಲಿಯೇ ಕುಳಿತು ಕೆಲಸ ಮಾಡುವುದರಿಂದ ಯಕೃತ್ತಿನ ಗೊಡವೆ ಅದಕ್ಕಿಲ್ಲ. ಯಾವ ಮೂರ್ಛೆಯ ಔಷಧಿಯೂ ಅದನ್ನು ಕೆಡಿಸದು. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಹಾಕುತ್ತಾರೆ. 380-ಎ ಎಂಬ ಬಗೆಯದು ಹತ್ತು ವರ್ಷ ಬರುತ್ತದೆ. ಮೂರು ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದು, ಸರ್ಕಾರ 2017ರಲ್ಲಿ "ಅಂತರಾ" ಎಂಬ ಹೆಸರಿನಿಂದ ತಂದದ್ದು, ಅದೂ ಈ ಔಷಧಿಗಳಿಗೆ ಜಗ್ಗುವುದಿಲ್ಲ. ಆದರೆ ಬಹುಕಾಲ ಬಳಸಿದರೆ ಎಲುಬಿನ ಬಲ ಸ್ವಲ್ಪ ಕುಗ್ಗಬಹುದು. ಫೆನಿಟಾಯಿನ್‌ನಂಥವುಗಳಿಗೂ ಅದೇ ಗುಣವಿರುವುದರಿಂದ ವೈದ್ಯರನ್ನು ಕೇಳಿ ನಿರ್ಧರಿಸುವುದು ಲೇಸು. ಒಂದೇ ಹಾರ್ಮೋನಿನ ಸಣ್ಣ ಗುಳಿಗೆ, ತೋಳಿನ ಚರ್ಮದಡಿ ಇಡುವ ಕಡ್ಡಿ, ಇವಕ್ಕೆ ಮಾತ್ರ ಮೊದಲು ಹೇಳಿದ ತೊಂದರೆ ತಪ್ಪಿದ್ದಲ್ಲ. 72 ಗಂಟೆಯ ಗುಳಿಗೆ ಎಂದು ಅಂಗಡಿಯಲ್ಲಿ ಸಿಗುವುದೂ ಇವರಿಗೆ ಸಾಧಾರಣ ಪ್ರಮಾಣದಲ್ಲಿ ಸಾಲದೆ ಹೋಗಬಹುದು. ಮೂರ್ಛೆಯ ಔಷಧಿಯನ್ನು ವೈದ್ಯರೇ ಬದಲಿಸಿದರೂ, ಹಳೆಯದರ ಪ್ರಭಾವ ಇಳಿಯಲು ಇನ್ನೂ ನಾಲ್ಕು ವಾರ ಬೇಕು. ಗಂಡಸರ ಪಾಲಿಗೆ ನಿರೋಧವಿದೆ, ಶಸ್ತ್ರಕ್ರಿಯೆಯಿದೆ. ಎಲ್ಲ ಭಾರವನ್ನೂ ಹೆಂಗಸಿನ ಯಕೃತ್ತಿನ ಮೇಲೆಯೇ ಹೊರಿಸಬೇಕೆಂದು ಯಾವ ಶಾಸ್ತ್ರದಲ್ಲಿಯೂ ಬರೆದಿಲ್ಲ.

ಲೆವೆಟಿರಾಸಿಟಾಮ್, ಗ್ಯಾಬಪೆಂಟಿನ್, ವಾಲ್‌ಪ್ರೋಯೇಟ್ ಇವು ಗರ್ಭನಿರೋಧಕ ಗುಳಿಗೆಯ ತಂಟೆಗೆ ಹೋಗುವುದಿಲ್ಲ. ಹಾಗೆಂದು ವಾಲ್‌ಪ್ರೋಯೇಟನ್ನು ನೋಡಿ ಸಮಾಧಾನಪಡಬೇಡಿರಿ. ಬಸುರಿನಲ್ಲಿ ಅದನ್ನು ಸೇವಿಸಿದವರ ಮಕ್ಕಳಲ್ಲಿ ನೂರಕ್ಕೆ ಸುಮಾರು 10 ಮಕ್ಕಳಿಗೆ ಹುಟ್ಟಿನಿಂದಲೇ ಅಂಗದೋಷ ಕಂಡುಬರುತ್ತದೆ. ಬುದ್ಧಿಯ ಬೆಳವಣಿಗೆಗೂ ಪೆಟ್ಟು ಬೀಳುತ್ತದೆ. ಅದನ್ನು ತೆಗೆದುಕೊಳ್ಳುತ್ತಿರುವ ಹರೆಯದ ಹೆಣ್ಣುಮಕ್ಕಳು ಮಗುವಿನ ಯೋಚನೆಗೆ ಮೊದಲೇ ವೈದ್ಯರನ್ನು ಕಾಣಬೇಕು. ಆದರೆ ಯಾರೂ, ಯಾವ ಕಾರಣಕ್ಕೂ, ಮೂರ್ಛೆಯ ಗುಳಿಗೆಯನ್ನು ತಾವಾಗಿ ನಿಲ್ಲಿಸಕೂಡದು. ನಮ್ಮಲ್ಲಿಯೂ ಬಸುರಿಯೆಂದು ತಿಳಿದೊಡನೆ ಅತ್ತೆಯವರು ಊರಿನಿಂದ ಫೋನು ಮಾಡಿ, "ಕೂಸಿಗೆ ತ್ರಾಸ ಆಗ್ತದ, ಗುಳಿಗಿ ಬಿಟ್ಟುಬಿಡವಾ" ಎಂದಿದ್ದರು. ಥಟ್ಟನೆ ಬಿಟ್ಟರೆ ಮೂರ್ಛೆಯ ಮೇಲೆ ಮೂರ್ಛೆ ಬಂದು ತಾಯಿಮಗು ಇಬ್ಬರ ಪ್ರಾಣಕ್ಕೂ ಅಪಾಯವೆಂದು ಡಾಕ್ಟರು ಎಚ್ಚರಿಸಿದ ಮೇಲೆ ಸುಮ್ಮನಾದರು. ಫೋಲಿಕ್ ಆಮ್ಲದ ಗುಳಿಗೆ ಸೇರಿಸಿ, ಫೆನಿಟಾಯಿನ್ ಮುಂದುವರಿಸಿದರು. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಡಾಕ್ಟರ್ ಸಂಜೀವ್ ಥಾಮಸರು 1998ರಲ್ಲಿ ಇಂಥ ಬಸುರಿಯರ ದಾಖಲೆಯನ್ನೇ ಆರಂಭಿಸಿದ್ದಾರೆ. ಮೂರ್ಛೆಯಿರುವ ತಾಯಂದಿರಲ್ಲಿ ಬಹುಪಾಲು ಜನರಿಗೆ ಆರೋಗ್ಯವಂತ ಮಕ್ಕಳೇ ಹುಟ್ಟುತ್ತಾರೆಂಬುದು ಆ ತಿಂಗಳುಗಳಲ್ಲಿ ನಮಗೆ ದೊಡ್ಡ ಧೈರ್ಯವಾಗಿತ್ತು.

ಇಷ್ಟೆಲ್ಲ ವಿಜ್ಞಾನ ಬರೆದೆ. ಆದರೆ ನಮ್ಮ ಮನೆಯಲ್ಲಿ ತೊಡಕು ಹುಟ್ಟಿದ್ದು ಯಕೃತ್ತಿನಲ್ಲಲ್ಲ; ಅತ್ತೆಯ ಪಕ್ಕದಲ್ಲಿ ಕುಳಿತು ಆಡಿದ "ಲೇದು" ಎಂಬ ಮಾತಿನಲ್ಲಿ, ಅದಕ್ಕೂ ಹಿಂದೆ, ಬಾಗಿಲು ಮುಂದೆ ಮಾಡಿದ ಕೋಣೆಯಲ್ಲಿ. ತೆಲುಗಿನವರು ಮೂರ್ಛ ಎನ್ನಲಿ, ಹಳೆಯ ಊರಿನ ಸಾಹೇಬರು ಮಿರ್ಗಿ ಎನ್ನಲಿ, ನಾವು ಮೂರ್ಛೆಬೇನೆ ಎನ್ನಲಿ, ಹೇಳುವಾಗ ಎಲ್ಲರೂ ದನಿ ತಗ್ಗಿಸುತ್ತೇವೆ. ಬಿದ್ದವರ ಕೈಗೆ ಕೀಲಿಕೈ ತುರುಕಿ, ಮೂಗಿಗೆ ಉಳ್ಳಾಗಡ್ಡಿ ಹಿಡಿಯುವ ಪದ್ಧತಿ ಇನ್ನೂ ಹೋಗಿಲ್ಲ. ಕಾನೂನು ಕೂಡ ಬಹಳ ಕಾಲ ಹೀಗೆಯೇ ಇತ್ತು. ಹಿಂದೂ ವಿವಾಹ ಕಾಯಿದೆಗೆ 1976ರಲ್ಲಿ ಮಾಡಿದ ತಿದ್ದುಪಡಿಯಲ್ಲಿ, ಮೇಲಿಂದ ಮೇಲೆ ಮೂರ್ಛೆ ಬರುವುದನ್ನು ಹುಚ್ಚಿನ ಜೊತೆಗಿಟ್ಟು, ಅಂಥವರು ಮದುವೆಗೆ ಅರ್ಹರಲ್ಲವೆಂದು ಬರೆದಿದ್ದರು. ಅದನ್ನು ತೆಗೆದುಹಾಕಿದ್ದು 1999ರಲ್ಲಿ. ಕಾಯಿದೆಯ ಪುಸ್ತಕದಿಂದ ಹೋದದ್ದು ಜನರ ಮನಸ್ಸಿನಿಂದ ಹೋಗಲು ಇನ್ನೆಷ್ಟು ತಿದ್ದುಪಡಿ ಬೇಕೋ! ನಮ್ಮ ದೇಶದಲ್ಲಿ ಸಾವಿರಕ್ಕೆ ಸುಮಾರು 5 ಜನರಿಗೆ ಈ ಬೇನೆಯಿದೆ ಎನ್ನುತ್ತಾರೆ. ರಾಜ್ಯೋತ್ಸವಕ್ಕೆ ಸೇರುವ ನಮ್ಮವರ ಗುಂಪಿನಲ್ಲಿಯೂ ಸೀರೆಯ ಮಡಿಕೆಯಲ್ಲಿ ಗುಳಿಗೆ ಇಟ್ಟವರು ಇದ್ದೇ ಇದ್ದಾರು.

ಏಳನೆಯ ತಿಂಗಳಿನಲ್ಲಿ ನಮ್ಮ ತಾಯಿಯವರಿಗೆ ನಾನೇ ಎಲ್ಲವನ್ನೂ ಹೇಳಿದೆ. ಸೊಪ್ಪು ಸೋಸುತ್ತಿದ್ದವರು ಕೈ ನಿಲ್ಲಿಸಿ ಬಹಳ ಹೊತ್ತು ಸುಮ್ಮನಿದ್ದರು. ಬೈಯುತ್ತಾರೆಂದು ಕಾದೆ. "ನಮ್ಮ ತಂಗಿಗೂ ಇತ್ತಪ್ಪ ಇದು. ನಾ ನಿಮ್ಮಪ್ಪಗ ಹೇಳಿದ್ದೇ ಇಲ್ಲ" ಎಂದರು. ಆ ಚಿಕ್ಕಮ್ಮ ನಾನು ಹುಟ್ಟುವ ಮೊದಲೇ ಬಾವಿಗೆ ಬಿದ್ದು ತೀರಿಕೊಂಡಳೆಂದು ಮಾತ್ರ ನಾನು ಕೇಳಿದ್ದೆ. ನೀರು ಸೇದುವಾಗ ಕಾಲು ಜಾರಿತೆಂದು ಎಲ್ಲರೂ ಹೇಳುತ್ತಿದ್ದರು.

ಮಗಳು ಹುಟ್ಟಿ ಈಗ ನಾಲ್ಕು ವರ್ಷ, ಗಟ್ಟಿಮುಟ್ಟಾಗಿದ್ದಾಳೆ. ಹೆರಿಗೆಯ ನಂತರ ಹೆಂಡತಿ ಕಾಪರ್-ಟಿ ಹಾಕಿಸಿಕೊಂಡಳು. ಎರಡೂ ಕಡೆಯ ವೈದ್ಯರ ಔಷಧಿಗಳ ಹೆಸರು, ಪ್ರಮಾಣ, ಶುರುಮಾಡಿದ ತಾರೀಖು ಇಷ್ಟನ್ನೂ ಒಂದೇ ಹಾಳೆಯಲ್ಲಿ ಬರೆದು ಅವಳ ಪರ್ಸಿನಲ್ಲಿ ಇಟ್ಟಿದ್ದೇನೆ. ಯಾವ ಡಾಕ್ಟರ ಬಳಿಗೆ ಹೋದರೂ ಮೊದಲು ಆ ಹಾಳೆಯನ್ನೇ ಮೇಜಿನ ಮೇಲೆ ಇಡುತ್ತಾಳೆ. ಮೂರ್ಛೆಯ ಗುಳಿಗೆಯ ಡಬ್ಬಿ ಈಗ ಉಪ್ಪಿನ ಭರಣಿಯ ಪಕ್ಕದಲ್ಲಿ ಬಂದು ಕೂತಿದೆ. ರಾತ್ರಿ ಒಂಬತ್ತಾದರೆ ಪಡಸಾಲೆಯಿಂದ ನಮ್ಮ ತಾಯಿ, "ಗುಳಿಗಿ ತಗೊಂಡಿ ಏನವಾ?" ಎಂದು ಕೂಗುತ್ತಾರೆ.

ಈ ಲೇಖನವನ್ನು ಕಳಿಸುವ ಮುನ್ನ ಹೆಂಡತಿಗೆ ಓದಿ ಹೇಳಿದೆ. "ನನ್ನ ಹೆಸರು ಹಾಕಬ್ಯಾಡ್ರಿ. ಗೊತ್ತಾದೋರಿಗೆ ಗೊತ್ತಾಗ್ಲಿ" ಎಂದಳು. ಕ್ಯಾಲೆಂಡರಿನ ವಿಷಯ ಬರೆಯುವಾಗ ನಾನು ಮೊದಲು ಹತ್ತು ಹಾಳೆ ಎಂದು ಬರೆದಿದ್ದೆ. ಹತ್ತಲ್ಲ, ಹನ್ನೊಂದು ಎಂದು ತಿದ್ದಿಸಿದಳು.